ಹೆದ್ದಾರಿ ಪಕ್ಕದ ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಷ್ಟ್ರೀಯ ಹೆದ್ದಾರಿ 48 ತುಮಕೂರು ದಾಟಿ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ಅಂತ ಹೋಗುತ್ತದೆ. ಹಳಬರ ಬಾಯಲ್ಲಿ ಇದು ಈಗಲೂ ಎನ್‌ಎಚ್ ಫೋರ್. ದಾವಣಗೆರೆ, ಹುಬ್ಬಳ್ಳಿ ಕಡೆಯವರಿಗೆ ಪಿ.ಬಿ. ರೋಡ್, ಅಂದರೆ ಪುಣೆ–ಬೆಂಗಳೂರು ರೋಡ್. ನಮ್ಮೂರು ಈ ರಸ್ತೆಯಿಂದ ಕೂಗಳತೆ ದೂರದಲ್ಲಿದೆ. ಊರಿನ ರಸ್ತೆ ಹೆದ್ದಾರಿಗೆ ಸೇರುವ ಜಾಗಕ್ಕೆ ನಾವು ಗೇಟ್ ಅನ್ನುತ್ತೇವೆ. ರಾತ್ರಿ ಊಟಕ್ಕೆ ಕೂತಾಗ ಗೇಟ್ ಕಡೆಯಿಂದ ದಢ್ ಅಂತ ಸದ್ದು ಬಂದರೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಯಾರು ಇನ್ನೂ ಮನೆಗೆ ಬಂದಿಲ್ಲ ಅಂತ ಮೊದಲು ಲೆಕ್ಕ ಹಾಕುತ್ತೇವೆ.

ಕೆಲವು ವರ್ಷಗಳಿಂದ ಈ ರಸ್ತೆಯ ವಿಷಯಕ್ಕೆ ಅರ್ಜಿ ಬರೆದುಕೊಡುವುದು, ಕಚೇರಿಗೆ ಓಡಾಡುವುದು ಮಾಡುತ್ತಿದ್ದೇನೆ. ಗ್ರಾಮಸಭೆಯಲ್ಲಿ, ಹಾಲಿನ ಡೇರಿ ಮುಂದೆ, ಬಸ್ಸಿನಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮ್ಮೂರ ಪಕ್ಕದಲ್ಲಿ ಇರೋದು ಬೇರೆ ಹೆದ್ದಾರಿ ಆದರೂ ಇದರಲ್ಲಿ ಹೆಚ್ಚಿನದು ಅಲ್ಲಿಗೂ ಹೊಂದುತ್ತದೆ.

ಬ್ಲ್ಯಾಕ್ ಸ್ಪಾಟ್ ಅಂತಾರಲ್ಲ, ಹಾಗಂದರೆ ಏನು?

ಪದೇ ಪದೇ ಅಪಘಾತ ಆಗುವ ಜಾಗ. ಇದಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ಒಂದು ಅಳತೆ ಇದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ 3 ವರ್ಷಗಳಲ್ಲಿ ಸಾವು ಅಥವಾ ಭಾರಿ ಗಾಯ ಆದ 5 ಅಪಘಾತ ನಡೆದಿರಬೇಕು. ಇಲ್ಲವೇ ಅಷ್ಟೇ ಜಾಗದಲ್ಲಿ 10 ಜನ ಸತ್ತಿರಬೇಕು. ಆಗ ಅದು ಪಟ್ಟಿಗೆ ಸೇರುತ್ತದೆ, ಸರಿಪಡಿಸಲು ಹಣ ಕೇಳಬಹುದು.

ಈ ಅಳತೆಯಲ್ಲಿ ಒಂದು ನೋವಿನ ಮಾತಿದೆ. ಜನ ಸತ್ತ ಮೇಲೆಯೇ ಜಾಗ ಪಟ್ಟಿಗೆ ಬರೋದು. ಆದ್ದರಿಂದ ನಿಮ್ಮೂರ ಗೇಟ್ ಪಟ್ಟಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಸುಮ್ನೆ ಕೂರಬೇಡಿ. ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಘಟನೆಗಳನ್ನೂ ಬರೆದಿಡಿ. ಅಪಘಾತ ಆಗದೆಯೂ ರಸ್ತೆ ಸುರಕ್ಷತಾ ತಪಾಸಣೆ ಮಾಡಿ ಎಂದು ಕೇಳುವುದಕ್ಕೆ ಅವಕಾಶ ಇದೆ.

ತಪ್ಪು ಡ್ರೈವರ್‌ದು ಅಲ್ವಾ? ರಸ್ತೆಯನ್ನು ಯಾಕೆ ದೂರುತ್ತೀರಿ?

ಈ ಪ್ರಶ್ನೆಯನ್ನು ಕೇಳದವರೇ ಇಲ್ಲ. ಡ್ರೈವರ್ ತಪ್ಪು ಇರುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ 10 ಜನ ಡ್ರೈವರ್‌ಗಳು ಒಂದೇ ಜಾಗದಲ್ಲಿ ಒಂದೇ ಥರ ತಪ್ಪು ಮಾಡಿದರೆ, ಆ ಜಾಗದಲ್ಲಿ ಏನೋ ಇದೆ ಅಂತ ತಾನೆ ಅರ್ಥ?

ಹುಬ್ಬಳ್ಳಿ–ಧಾರವಾಡ ಬೈಪಾಸ್ ಇದಕ್ಕೆ ನಮ್ಮ ಕಣ್ಣ ಮುಂದಿನ ಉದಾಹರಣೆ. ಇದೇ ಹೆದ್ದಾರಿಯ ಸುಮಾರು 30 ಕಿಲೋಮೀಟರ್ ತುಂಡು ಅದು. ಹಿಂದೆ ಮುಂದೆ ಎಲ್ಲ ಡಿವೈಡರ್ ಇರುವ ಅಗಲ ರಸ್ತೆ. ಬೈಪಾಸ್ ಮಾತ್ರ ಆಗ ಎರಡೇ ಲೇನ್, ನಡುವೆ ಡಿವೈಡರ್ ಇರಲಿಲ್ಲ. ಅಗಲ ರಸ್ತೆಯ ವೇಗದಲ್ಲಿ ಬಂದವರು ಅದೇ ವೇಗದಲ್ಲಿ ಎದುರುಬದುರಾಗುತ್ತಿದ್ದರು. 2021ರ ಜನವರಿ 15ರಂದು, ಸಂಕ್ರಾಂತಿಯ ಮಾರನೇ ದಿನ, ಇಟಿಗಟ್ಟಿ ಹತ್ತಿರ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಡಿಕ್ಕಿಯಾದವು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಆ ಟೆಂಪೊದಲ್ಲಿದ್ದರು. ಹತ್ತಕ್ಕೂ ಹೆಚ್ಚು ಜನ ಹೋದರು. ಬೈಪಾಸ್ ಅಗಲ ಮಾಡಿ ಎಂಬ ಕೂಗು ಅದಕ್ಕೆ ಮುಂಚಿನಿಂದಲೂ ಇತ್ತು. ಆರು ಲೇನ್ ಕೆಲಸಕ್ಕೆ ಶಂಕುಸ್ಥಾಪನೆ ಆಗಿದ್ದು 2022ರಲ್ಲಿ. ನಡುವೆ ಒಂದು ಗಟ್ಟಿ ತಡೆ ಇದ್ದಿದ್ದರೆ ಡ್ರೈವರ್ ತಪ್ಪು ಮಾಡಿದರೂ ಎದುರಿನ ಗಾಡಿಗೆ ಹೋಗಿ ಬಡಿಯುವ ಸಾಧ್ಯತೆ ತುಂಬಾ ಕಡಿಮೆ ಇರುತ್ತಿತ್ತು.

ನಾನು ಹೇಳುವುದು ಇಷ್ಟೇ. ಮನುಷ್ಯ ತಪ್ಪು ಮಾಡುತ್ತಾನೆ, ನಿದ್ದೆಗೆ ಜಾರುತ್ತಾನೆ, ಅವಸರ ಮಾಡುತ್ತಾನೆ. ಆ ತಪ್ಪಿಗೆ ಜೀವವನ್ನೇ ತೆರುವಂತೆ ರಸ್ತೆ ಇರಬಾರದು. ಕಾನೂನು ಕೂಡ ಇದನ್ನು ಒಪ್ಪುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ನಿಯಮದಂತೆ ಇಲ್ಲದೆ ಅದರಿಂದ ಸಾವು ಅಥವಾ ಅಂಗವಿಕಲತೆ ಆದರೆ, ಹೊಣೆ ಹೊತ್ತ ಗುತ್ತಿಗೆದಾರ ಅಥವಾ ಪ್ರಾಧಿಕಾರಕ್ಕೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಇಷ್ಟು ಸಾವುಗಳ ಮುಂದೆ ಆ ಮೊತ್ತ ಏನೂ ಅಲ್ಲ. ಆದರೂ ಹೊಣೆ ರಸ್ತೆ ಮಾಡಿದವರದ್ದೂ ಹೌದು ಎಂದು ಕಾನೂನಿನಲ್ಲೇ ಬರೆದಿದೆ, ಅದು ದೊಡ್ಡದು.

ನೆಟ್ಟಗಿನ, ನುಣ್ಣಗಿನ ರಸ್ತೆ. ಇಲ್ಲಿ ಯಾಕೆ ಇಷ್ಟು ಸಾವು?

ನೆಟ್ಟಗೆ, ನುಣ್ಣಗೆ ಇರುವುದರಿಂದಲೇ. 2022ರಲ್ಲಿ ದೇಶದಲ್ಲಿ ನಡೆದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಆಗಿದ್ದು ನೇರ ರಸ್ತೆಯಲ್ಲಿ, ತಿರುವಿನಲ್ಲಿ ಅಲ್ಲ. ಆ ವರ್ಷ ದೇಶದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತರು. ಕರ್ನಾಟಕದಲ್ಲೇ 11,702. ದೇಶದ ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಾಲು ನೂರಕ್ಕೆ ಎರಡರ ಆಸುಪಾಸು. ಆದರೆ ಸತ್ತವರಲ್ಲಿ 61,038 ಜನ ಸತ್ತಿದ್ದು ಇದೇ ಹೆದ್ದಾರಿಗಳಲ್ಲಿ. ನೂರಕ್ಕೆ 70ಕ್ಕಿಂತ ಜಾಸ್ತಿ ಸಾವುಗಳಿಗೆ ಅತಿ ವೇಗ ಕಾರಣ ಎಂದು ದಾಖಲಾಗಿದೆ.

ವೇಗದ ಲೆಕ್ಕ ನಮ್ಮ ಕಣ್ಣಿಗೆ ಸಿಗುವುದಿಲ್ಲ, ಅದೇ ಕಷ್ಟ. ನಮ್ಮ ಓಣಿಯ ಅಜ್ಜಿಯೊಬ್ಬರು ದಿನಾ ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ರಸ್ತೆ ದಾಟುತ್ತಾರೆ. ಒಂದು ಪಕ್ಕದ ರಸ್ತೆ ದಾಟಿ ಡಿವೈಡರ್ ಮುಟ್ಟುವುದಕ್ಕೆ ಅವರಿಗೆ ಸುಮಾರು 10 ಸೆಕೆಂಡ್ ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ಅಂದರೆ ಅಜ್ಜಿ ಹೆಜ್ಜೆ ಇಡುವಾಗ 280 ಮೀಟರ್ ದೂರದಲ್ಲಿ, ಸಣ್ಣಗೆ ಕಾಣುತ್ತಿದ್ದ ಕಾರು ಅವರು ದಾಟುವಷ್ಟರಲ್ಲಿ ಅಲ್ಲೇ ಇರುತ್ತದೆ. ಇನ್ನು ಡ್ರೈವರ್ ಕಡೆಯಿಂದ ನೋಡಿ. ರಸ್ತೆ ವಿನ್ಯಾಸದ ಲೆಕ್ಕದಲ್ಲಿ 80ರ ವೇಗದಲ್ಲಿ ಕಂಡು, ಬ್ರೇಕ್ ಹಾಕಿ, ನಿಲ್ಲಿಸಲು 120 ಮೀಟರ್ ಇಟ್ಟುಕೊಳ್ಳುತ್ತಾರೆ. 100ರ ವೇಗಕ್ಕೆ 180 ಮೀಟರ್. ರಾತ್ರಿ ಡಿಮ್ ಲೈಟಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ಸಂಜೆ 6ರಿಂದ 9ರ ನಡುವೆ ಅಪಘಾತ ಅತಿ ಹೆಚ್ಚು. ಮಬ್ಬುಗತ್ತಲು, ಮನೆಗೆ ಹೋಗುವ ಅವಸರ, ಹೊಲದಿಂದ ವಾಪಸ್ ಬರುವ ಜನ, ಎಲ್ಲ ಒಂದೇ ಹೊತ್ತಿಗೆ.

ಹಂಪ್ ಹಾಕಿಸಿ ಅಂದರೆ ಯಾಕೆ ಹಾಕೋದಿಲ್ಲ?

ಒಂದು ಸಾವಾದ ಕೂಡಲೇ ಜನ ರಸ್ತೆಗೆ ಕೂತು ಕೇಳುವುದು ಹಂಪ್ ಅನ್ನೇ. ಆ ಸಂಕಟ ನನಗೂ ಗೊತ್ತು. ಆದರೆ ರಾಷ್ಟ್ರೀಯ ಹೆದ್ದಾರಿಯ ಮುಖ್ಯ ದಾರಿಯಲ್ಲಿ ಹಂಪ್ ಇರಬಾರದು ಎಂಬುದು ಸಚಿವಾಲಯದ ಸೂಚನೆ. 90ರಲ್ಲಿ ಬರುವ ಬೈಕ್ ಸವಾರನಿಗೆ ರಾತ್ರಿ ಬಣ್ಣ ಮಾಸಿದ ಹಂಪ್ ಕಾಣದಿದ್ದರೆ ಅವನು ಹಾರಿ ಬೀಳುತ್ತಾನೆ. ಮುಂದಿನ ಲಾರಿ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಕಾರು ಅದರ ಅಡಿಗೆ ಹೋಗುತ್ತದೆ.

ಹಂಪ್ ಕೇಳಬೇಕಾದ ಜಾಗ ಬೇರೆ. ಊರಿನ ರಸ್ತೆ ಬಂದು ಹೆದ್ದಾರಿಗೆ ಸೇರುವ ಕಡೆ, ಊರಿನ ರಸ್ತೆಯ ಮೇಲೆ ಹಂಪ್ ಇರಬೇಕು. ಒಳಗಿನಿಂದ ಬರುವ ಬೈಕ್, ಟ್ರಾಕ್ಟರ್ ಅಲ್ಲಿ ಕಡ್ಡಾಯವಾಗಿ ನಿಧಾನ ಆಗುತ್ತದೆ. ಅದಕ್ಕೂ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ರಾತ್ರೋರಾತ್ರಿ ಸುರಿದ ಮಣ್ಣು–ಜಲ್ಲಿ ಗುಡ್ಡೆ ಹಂಪ್ ಅಲ್ಲ. ಹೆದ್ದಾರಿಯ ಮೇಲೆ ಕೇಳಬೇಕಾದದ್ದು ರಂಬಲ್ ಸ್ಟ್ರಿಪ್. ಸಾಲುಸಾಲಾಗಿ ಹಾಕುವ ತೆಳು ಪಟ್ಟಿ ಅದು. ದಡದಡ ಅಂತ ಗಾಡಿ ನಡುಗಿ ಡ್ರೈವರ್ ಎಚ್ಚರ ಆಗುತ್ತಾನೆ.

ಡಿವೈಡರ್ ನಡುವಿನ ಸಂದು ಮುಚ್ಚಿಬಿಟ್ಟರೆ ನಾವು ಹೊಲಕ್ಕೆ ಹೋಗೋದು ಹೇಗೆ?

ಈ ಪ್ರಶ್ನೆಯಲ್ಲಿ ನ್ಯಾಯ ಇದೆ. ರಸ್ತೆ ಬರುವ ಮುಂಚೆ ಊರು ಇತ್ತು, ಹೊಲ ಇತ್ತು. ರಸ್ತೆ ಎರಡನ್ನೂ ಸೀಳಿಕೊಂಡು ಹೋಯಿತು. ಆಚೆ ಹೊಲ, ಈಚೆ ಮನೆ. ಸರಿಯಾದ ತಿರುವು 3 ಕಿಲೋಮೀಟರ್ ಆಚೆ ಇದ್ದರೆ, ತಲೆ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು ಅಲ್ಲಿವರೆಗೆ ನಡೆಯುತ್ತಾಳಾ? ಅದಕ್ಕೇ ಜನ ಕಲ್ಲು ಕಿತ್ತು ದಾರಿ ಮಾಡಿಕೊಳ್ಳುತ್ತಾರೆ.

ಆದರೆ ಆ ಸಂದಿಯಲ್ಲಿ ಏನಾಗುತ್ತದೆ ಅಂತ ಒಂದು ಬೆಳಿಗ್ಗೆ ನಿಂತು ನೋಡಿ. ನಾನು ನೋಡಿದ್ದೇನೆ. ಮೊಪೆಡ್ಡಿನ ಎರಡೂ ಪಕ್ಕ ಹಾಲಿನ ಕ್ಯಾನ್. ಮುಂದಿನ ಚಕ್ರ ಸಂದಿಯಿಂದ ಹೊರಗೆ, ಹಿಂದಿನ ಚಕ್ರ ಈಚೆ ರಸ್ತೆಯಲ್ಲೇ. ಡಿವೈಡರ್ ಅಷ್ಟು ಕಿರಿದು, ಪೂರ್ತಿ ಗಾಡಿ ಅದರೊಳಗೆ ನಿಲ್ಲುವುದಿಲ್ಲ. ಗಿಡ ಬೆಳೆದು ಎದುರಿನ ಗಾಡಿ ಕಾಣುವುದಿಲ್ಲ, ಅದಕ್ಕೆ ಕತ್ತು ಚಾಚಿ ಇಣುಕಬೇಕು. ಹಿಂದಿನಿಂದ ಬರುವ ಬಸ್ಸು ಹಾರ್ನ್ ಒತ್ತುತ್ತಲೇ ಇರುತ್ತದೆ. ಅವನು ಹೆದರಿ ಮುಂದಕ್ಕೆ ಎಳೆಯುತ್ತಾನೆ. ನನ್ನ ದೊಡ್ಡಪ್ಪನ ಮಗ ಹೋಗಿದ್ದು ಹೀಗೇ. ಕ್ಯಾನಿನ ಹಾಲು ಅಷ್ಟು ದೂರ ಹರಿದಿದ್ದು ಈಗಲೂ ಕಣ್ಣ ಮುಂದೆ ಇದೆ.

ಆದ್ದರಿಂದ ಅರ್ಜಿಯಲ್ಲಿ "ಮುಚ್ಚಬೇಡಿ" ಅಂತಲೂ ಬರೆಯಬೇಡಿ, "ಮುಚ್ಚಿ" ಅಂತಷ್ಟೇ ಕೂಡ ಬರೆಯಬೇಡಿ. "ಮುಚ್ಚಿ, ಜೊತೆಗೆ ದಾರಿ ಕೊಡಿ" ಎಂದು ಬರೆಯಿರಿ. ದಾರಿ ಅಂದರೆ ಕೆಳಸೇತುವೆ, ಇಲ್ಲವೇ ಹತ್ತಿರದ ಕೆಳಸೇತುವೆವರೆಗೆ ಎರಡೂ ಪಕ್ಕ ಸರ್ವಿಸ್ ರಸ್ತೆ. ದೊಡ್ಡ ಅಂಡರ್‌ಪಾಸೇ ಬೇಕಿಲ್ಲ. ಟ್ರಾಕ್ಟರ್, ಬೈಕ್, ಜನ ಹೋಗುವಷ್ಟು ಸಣ್ಣ ಕೆಳಸೇತುವೆಯೂ ಇರುತ್ತದೆ, ಖರ್ಚು ಕಡಿಮೆ. ಹತ್ತಿರದಲ್ಲಿ ಹಳ್ಳದ ದೊಡ್ಡ ಮೋರಿ ಇದ್ದರೆ, ಅದರ ಒಂದು ಕಣ್ಣಿನಲ್ಲಿ ಬೇಸಿಗೆಯಲ್ಲಾದರೂ ನಡೆದು ದಾಟುವಂತೆ ಮಾಡಬಹುದಾ ಎಂದು ಕೇಳಿ. ಹೋಟೆಲ್, ಪೆಟ್ರೋಲ್ ಬಂಕ್ ಮುಂದೆ ವ್ಯಾಪಾರಕ್ಕಾಗಿ ಒಡೆದ ಸಂದಿಯ ವಿಷಯ ಬೇರೆ. ಅದನ್ನು ಮುಚ್ಚಲೇಬೇಕು.

ಅರ್ಧ ಕಿಲೋಮೀಟರ್ ರಾಂಗ್ ಸೈಡ್‌ನಲ್ಲಿ ಹೋದರೆ ಏನಾಗುತ್ತೆ? ಪಕ್ಕದಲ್ಲೇ ಹೋಗ್ತೀವಲ್ಲ.

ನೀವು 40ರಲ್ಲಿ, ಎದುರಿನ ಕಾರು 100ರಲ್ಲಿ. ಇಬ್ಬರ ನಡುವಿನ ದೂರ 140ರ ವೇಗದಲ್ಲಿ ಕರಗುತ್ತದೆ. ಡಿವೈಡರ್ ಇರುವ ರಸ್ತೆಯಲ್ಲಿ ಎದುರಿಗೆ ಗಾಡಿ ಬರುತ್ತದೆ ಎಂದು ಡ್ರೈವರ್ ಅಂದುಕೊಂಡೇ ಇರುವುದಿಲ್ಲ. ಎಡಗಡೆಯಿಂದ ಲಾರಿಯನ್ನು ಹಿಂದೆ ಹಾಕಲು ಬಂದವನಿಗೆ ನೀವು ಕಾಣುವುದೇ ಕೊನೆ ಗಳಿಗೆಯಲ್ಲಿ. ದಯವಿಟ್ಟು ಬೇಡ. ಗಾಡಿ ತಳ್ಳಿಕೊಂಡು ರಸ್ತೆಯಿಂದ ಕೆಳಗಿನ ಮಣ್ಣಿನಲ್ಲಿ ಹೋಗಿ. ಮಕ್ಕಳನ್ನು ಶಾಲೆಗೆ ಬಿಡುವಾಗಲಂತೂ ಬೇಡವೇ ಬೇಡ.

ಅಂಡರ್‌ಪಾಸ್ ಇದೆ. ಆದರೂ ಜನ ಮೇಲೆಯೇ ದಾಟ್ತಾರಲ್ಲ?

ಮಳೆಗಾಲದಲ್ಲಿ ಒಮ್ಮೆ ಇಳಿದು ನೋಡಿ. ಮೊಣಕಾಲುದ್ದ ನೀರು. ಅದರಡಿ ಕೆಸರು. ರಾತ್ರಿ ದೀಪ ಇಲ್ಲ. ಹೆಣ್ಣುಮಕ್ಕಳು ಒಬ್ಬರೇ ಹೋಗಲು ಹೆದರುತ್ತಾರೆ. ಹಾಗಿದ್ದಾಗ ಜನರಿಗೆ ಬುದ್ಧಿ ಇಲ್ಲ ಎನ್ನುವುದು ಸರಿಯಲ್ಲ. ನೀರು ಹೋಗಲು ಚರಂಡಿ, ಉರಿಯುವ ದೀಪ, ಗುಡಿಸಿದ ನೆಲ ಇದ್ದರೆ ಜನ ತಾವಾಗಿಯೇ ಕೆಳಗೆ ಹೋಗುತ್ತಾರೆ. ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬ ಜಗಳದಲ್ಲಿ ದೀಪ ಆರಿರುವ ಊರುಗಳು ಬೇಕಾದಷ್ಟಿವೆ. ಅಂಡರ್‌ಪಾಸ್ ಕೇಳುವಾಗಲೇ ಚರಂಡಿ, ದೀಪ, ನಿರ್ವಹಣೆ ಯಾರದು ಎಂದು ಬರಹದಲ್ಲಿ ತೆಗೆದುಕೊಳ್ಳಿ.

ನಿಂತ ಲಾರಿಗೆ ಹಿಂದಿನಿಂದ ಗುದ್ದುವುದು ಯಾಕೆ ಇಷ್ಟು ಜಾಸ್ತಿ?

ನಿಂತಿದೆ ಎಂದು ಗೊತ್ತಾಗುವುದಿಲ್ಲ. ಕತ್ತಲಲ್ಲಿ ಮುಂದಿನ ಲಾರಿಯ ಹಿಂಭಾಗ ಕಂಡರೂ ಅದು ಹೋಗುತ್ತಿದೆ ಅಂತಲೇ ಮನಸ್ಸು ಅಂದುಕೊಳ್ಳುತ್ತದೆ. ನಿಂತಿದೆ ಎಂದು ತಿಳಿಯುವಷ್ಟರಲ್ಲಿ ಬ್ರೇಕ್‌ಗೆ ಜಾಗ ಇರುವುದಿಲ್ಲ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಆಗಿದ್ದು ಇದೇ. ದೇವರ ದರ್ಶನ ಮುಗಿಸಿಕೊಂಡು ಭದ್ರಾವತಿ ಕಡೆಯ ಊರಿಗೆ ವಾಪಸಾಗುತ್ತಿದ್ದವರ ಟೆಂಪೊ ಟ್ರಾವೆಲರ್, ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿಯಿತು. 13 ಜನ ಸತ್ತರು. ಹೆಚ್ಚಿನವರು ಒಂದೇ ಊರಿನವರು.

ಲಾರಿ ಚಾಲಕರೇ, ಗಾಡಿ ಕೆಟ್ಟರೆ ಎಡಕ್ಕೆ ಪೂರ್ತಿ, ಬಿಳಿ ಗೆರೆಯಿಂದಲೂ ಆಚೆ ಇಳಿಸಿ. ಇಂಡಿಕೇಟರ್ ಎರಡೂ ಹಾಕಿ. ಹೊಳೆಯುವ ಕೆಂಪು ತ್ರಿಕೋನವನ್ನು ಗಾಡಿಗೆ ಒರಗಿಸಿ ಇಡಬೇಡಿ. ಹಿಂದಕ್ಕೆ 100 ಹೆಜ್ಜೆ ನಡೆದು ಇಡಿ. ಸೊಪ್ಪು, ಕಲ್ಲು ಇಟ್ಟರೆ ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಆ ಕಲ್ಲು ಅಲ್ಲೇ ಉಳಿದು ಇನ್ನೊಬ್ಬ ಬೈಕ್ ಸವಾರನನ್ನು ಬೀಳಿಸುತ್ತದೆ. 1033ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಹೆದ್ದಾರಿಯ ಗಸ್ತು ವಾಹನ, ಕ್ರೇನ್ ಕಳಿಸುತ್ತಾರೆ. ಇನ್ನು ಚಾಲಕರಿಗೂ ನಿದ್ದೆ ಬೇಕು, ಸ್ನಾನಕ್ಕೆ, ಊಟಕ್ಕೆ ಜಾಗ ಬೇಕು. ಲಾರಿ ನಿಲ್ಲಲು ಪಕ್ಕದಲ್ಲಿ ಜಾಗ ಮಾಡದೆ ಬರೀ ದಂಡ ಹಾಕಿದರೆ ಅವರು ಇನ್ನೊಂದು ಕತ್ತಲ ಜಾಗ ಹುಡುಕಿಕೊಳ್ಳುತ್ತಾರೆ.

ನಮ್ಮ ಟ್ರಾಕ್ಟರ್‌ಗೆ ಏನು ಮಾಡಬೇಕು?

ಟ್ರೇಲರ್ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಹೊಳೆಯುವ ಟೇಪ್ ಅಂಟಿಸಿ. ಖರ್ಚು ನೂರಾರು ರೂಪಾಯಿ ಅಷ್ಟೇ. ಕಬ್ಬು, ಹುಲ್ಲು, ಮೆಕ್ಕೆಜೋಳದ ದಂಟು ಹೇರಿದಾಗ ಆ ಟೇಪ್ ಮುಚ್ಚಿಹೋಗುತ್ತದೆ. ಆಗ ಹೇರಿನ ಮೇಲೆಯೇ ಒಂದು ಹೊಳೆಯುವ ಪಟ್ಟಿ ಇಳಿಬಿಡಿ. ಎತ್ತಿನಗಾಡಿಯ ಹಿಂದಿನ ಹಲಗೆಗೂ ಟೇಪ್ ಹಾಕಬಹುದು. ಕೊಂಬಿಗೂ ಅಂಟಿಸುವವರಿದ್ದಾರೆ, ಒಳ್ಳೆಯದೇ. ಹೊಲದಿಂದ ಚಕ್ರಕ್ಕೆ ಮೆತ್ತಿದ ಹಸಿ ಮಣ್ಣನ್ನು ಹೆದ್ದಾರಿಗೆ ಹತ್ತುವ ಮುಂಚೆ ಕೊಡವಿ. ಮಳೆಯಲ್ಲಿ ಆ ಮಣ್ಣಿನ ಮೇಲೆ ಬೈಕ್ ಜಾರುತ್ತದೆ.

ರಸ್ತೆ ಮೇಲೆ ಒಕ್ಕಣೆ ಮಾಡುವುದು ತಪ್ಪಾ? ಹಿಂದಿನಿಂದ ಮಾಡ್ತಾ ಬಂದಿದ್ದೇವೆ.

ತಪ್ಪು ಅಂತ ಹೇಳಲು ನನಗೂ ಬೇಜಾರು, ನಮ್ಮ ಮನೆಯವರೂ ಮಾಡಿದ್ದಾರೆ. ಕಣ ಮಾಡಿ, ಸಗಣಿ ಬಳಿದು, ಕಲ್ಲಿನ ಗುಂಡು ಉರುಳಿಸಲು ಈಗ ಆಳಿಲ್ಲ, ಎತ್ತಿಲ್ಲ. ರಾಗಿ ತೆನೆ, ಹುರುಳಿ ಹರವಿದರೆ ಗಾಡಿಗಳೇ ತುಳಿದುಕೊಡುತ್ತವೆ. ಆದರೆ ಹುರುಳಿ ಕಾಳಿನ ಮೇಲೆ ಬೈಕ್ ಬ್ರೇಕ್ ಹಿಡಿದರೆ ಚಕ್ರ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಒಣ ಹುಲ್ಲು ಕಾರಿನ ಅಡಿ ಸಿಕ್ಕಿ ಸುತ್ತಿಕೊಂಡರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕಾಳು ಗುಡಿಸಲು ರಸ್ತೆಗೆ ಬಗ್ಗಿದ ಹೆಂಗಸರು ಗಾಡಿ ನೋಡುವುದಿಲ್ಲ. ಪಂಚಾಯಿತಿಯಿಂದ ಊರಿಗೊಂದು ಸಿಮೆಂಟ್ ಕಣ ಕೇಳಿ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಿಕೊಂಡ ಊರುಗಳಿವೆ.

ಕುರಿ ಮಂದೆ ದಾಟಿಸುವಾಗ?

ಒಬ್ಬರು ಮುಂದೆ, ಒಬ್ಬರು ಹಿಂದೆ ಸಾಲದು. ಗಾಡಿ ಬರುವ ದಿಕ್ಕಿಗೆ ಇನ್ನೊಬ್ಬರು ಸಾಕಷ್ಟು ದೂರ ಹೋಗಿ ಕೆಂಪು ಬಟ್ಟೆ ಬೀಸಬೇಕು. ಕತ್ತಲಲ್ಲಿ ದಾಟಿಸಬೇಡಿ. ಶಿರಾ, ಹಿರಿಯೂರು ಕಡೆ ಮಂದೆ ಜಾಸ್ತಿ, ಹಾಗಾಗಿ ಇಲ್ಲಿ ದನಕರುಗಳ ಚಿತ್ರದ ಎಚ್ಚರಿಕೆ ಫಲಕವನ್ನು ಕೇಳುವುದೂ ಸರಿಯೇ.

ಕೂಲಿಗೆ ಗೂಡ್ಸ್ ಗಾಡಿಯಲ್ಲಿ ಹೋಗದೆ ಬೇರೆ ದಾರಿ ಏನಿದೆ?

2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ಒಂದು ಕ್ರೂಸರ್ ಲಾರಿಗೆ ಡಿಕ್ಕಿಯಾಗಿ 9 ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟ ಬಡವರು. ಒಂದೇ ಗಾಡಿಯಲ್ಲಿ 20ಕ್ಕೂ ಹೆಚ್ಚು ಜನ. 2025ರ ಜನವರಿ 22ರಂದು ಯಲ್ಲಾಪುರ ತಾಲ್ಲೂಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಒಯ್ಯುತ್ತಿದ್ದ ಲಾರಿ ಉರುಳಿ 10 ಜನ ಹೋದರು. ಮೂಟೆಗಳ ಜೊತೆ ಕೂತಿದ್ದ ವ್ಯಾಪಾರಿಗಳು.

ಇವರಿಗೆ "ಹೀಗೆ ಹೋಗಬೇಡಿ" ಎಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಬೆಳಗಿನ ಹೊತ್ತಿಗೆ, ಸಂತೆಯ ದಿನಕ್ಕೆ ಬಸ್ ಬೇಕು. ಸಾರಿಗೆ ಡಿಪೊಗೆ ಗ್ರಾಮಸಭೆಯ ಠರಾವು ಕಳಿಸಿ, ಯಾವ ಹೊತ್ತಿಗೆ ಎಷ್ಟು ಜನ ಹೋಗುತ್ತಾರೆ ಎಂದು ಅಂಕಿ ಹಾಕಿ ಕೇಳಿ. ಮೇಸ್ತ್ರಿ, ಗುತ್ತಿಗೆದಾರ ಕೂಲಿಯವರನ್ನು ಕರೆದೊಯ್ಯುವುದಾದರೆ ಸೀಟಿರುವ ಗಾಡಿ ತರಲಿ. ಇನ್ನೊಂದು ಮಾತು, ಗೂಡ್ಸ್ ಗಾಡಿಗೆ ಸುಮ್ನೆ ಹತ್ತಿ ಕೂತವರಿಗೆ ವಿಮೆ ಹಣ ಸಿಗುವುದು ತುಂಬಾ ಕಷ್ಟ.

ಇಲ್ಲೇ ಹೊಲಕ್ಕೆ ಹೋಗೋಕೂ ಹೆಲ್ಮೆಟ್ ಬೇಕಾ?

ಬೇಕು, ಹೆದ್ದಾರಿ ಮುಟ್ಟುವುದಾದರಂತೂ ಬೇಕೇ ಬೇಕು. 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಒಳ್ಳೆಯ ಹೆಲ್ಮೆಟ್ ಹಾಕಿದರೆ ಸಾವಿನ ಅಪಾಯ ಸುಮಾರು 42 ಪರ್ಸೆಂಟ್, ತಲೆಗೆ ಪೆಟ್ಟಿನ ಅಪಾಯ ಸುಮಾರು 69 ಪರ್ಸೆಂಟ್ ಕಡಿಮೆ. ಐಎಸ್ಐ ಗುರುತು ನೋಡಿ ಕೊಳ್ಳಿ, ಗದ್ದದ ಕೆಳಗಿನ ಪಟ್ಟಿ ಕಟ್ಟಿ. ಕಟ್ಟದ ಹೆಲ್ಮೆಟ್ ಬೀಳುವ ಮುಂಚೆಯೇ ಹಾರಿಹೋಗುತ್ತದೆ. ಹಿಂದೆ ಕೂತ ಹೆಂಡತಿಗೂ, ಅಮ್ಮನಿಗೂ ಬೇಕು. 4 ವರ್ಷ ದಾಟಿದ ಮಕ್ಕಳಿಗೂ ಕಾನೂನು ಪ್ರಕಾರ ಕಡ್ಡಾಯ.

ಕ್ಯಾಮೆರಾ, ದಂಡ ಅಂತೆಲ್ಲ ಮಾಡಿದರೆ ನಿಜವಾಗಿ ಸಾವು ಕಡಿಮೆ ಆಗುತ್ತಾ?

ಆಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಆ ವರ್ಷ 188 ಜನ ಸತ್ತರು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರಾಕ್ಟರ್ ಮುಖ್ಯ ದಾರಿಗೆ ಬರುವಂತಿಲ್ಲ ಎಂದು ಮಾಡಿದರು. ಪೊಲೀಸರು ವೇಗ ಅಳೆಯುವ ಗನ್ ಹಿಡಿದು ನಿಂತರು. ಆಮೇಲೆ ಕ್ಯಾಮೆರಾ ಬಂತು, 100 ದಾಟಿದರೆ ದಂಡ. 2024ರಲ್ಲಿ ಸಾವು 50ಕ್ಕೆ ಇಳಿಯಿತು. ಪಕ್ಕದ ತಮಿಳುನಾಡಿನಲ್ಲೂ 2016ರಲ್ಲಿ 17,218 ಇದ್ದ ಸಾವು 2019ಕ್ಕೆ 10,525 ಆಯಿತು.

ಆದರೆ ಒಂದು ಎಚ್ಚರ. ಮೈಸೂರು ರಸ್ತೆಯಲ್ಲಿ ಬೈಕ್ ಓಡಾಟ ತಡೆಯಲು ಆಗಿದ್ದು ಪಕ್ಕದಲ್ಲಿ ಸರ್ವಿಸ್ ರಸ್ತೆ ಇದ್ದದ್ದರಿಂದ. ಸರ್ವಿಸ್ ರಸ್ತೆ ಇಲ್ಲದ ಕಡೆ ಬೈಕ್ ಬೇಡ ಎಂದರೆ ಹಳ್ಳಿಯವನು ಎಲ್ಲಿ ಹೋಗಬೇಕು?

ಅರ್ಜಿ ಯಾರಿಗೆ ಕೊಡಬೇಕು, ಏನು ಬರೆಯಬೇಕು?

ಮೊದಲು ರಸ್ತೆ ಯಾರದು ಎಂದು ತಿಳಿದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 48 ಆದರೆ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ. ಕೆಲವು ರಾಷ್ಟ್ರೀಯ ಹೆದ್ದಾರಿಗಳನ್ನು, ಜೊತೆಗೆ ರಾಜ್ಯ ಹೆದ್ದಾರಿಗಳನ್ನು ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಒಂದು ಪ್ರತಿಯನ್ನು ಕಡ್ಡಾಯವಾಗಿ ಜಿಲ್ಲಾಧಿಕಾರಿಗೆ ಕೊಡಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ಅವರೇ. ಪೊಲೀಸ್, ಆರ್‌ಟಿಒ, ರಸ್ತೆ ಎಂಜಿನಿಯರ್ ಎಲ್ಲರೂ ಆ ಸಭೆಯಲ್ಲಿ ಒಂದೇ ಟೇಬಲ್‌ಗೆ ಬರುತ್ತಾರೆ. ಇನ್ನೊಂದು ಪ್ರತಿ ಎಸ್‌ಪಿ ಅವರಿಗೆ. ಸಂಸದರಿಗೂ ಕೊಡಿ.

"ನಮ್ಮೂರಲ್ಲಿ ಅಪಘಾತ ಜಾಸ್ತಿ, ಕ್ರಮ ಕೈಗೊಳ್ಳಿ" ಎಂದು ಎರಡು ಸಾಲು ಬರೆದರೆ ಆ ಕಾಗದ ಕಡತದಲ್ಲೇ ಉಳಿಯುತ್ತದೆ. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆಯಿರಿ. ಮೂರು ವರ್ಷದಲ್ಲಿ ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ಗಾಡಿ, ಯಾವ ಕಡೆಯಿಂದ ಬಂದು ಯಾವುದಕ್ಕೆ ಬಡಿಯಿತು ಎಂದು ಪಟ್ಟಿ ಮಾಡಿ. ಠಾಣೆಯಿಂದ ಪ್ರಕರಣದ ಸಂಖ್ಯೆ ಸಿಗುತ್ತದೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಈಗ ಪೊಲೀಸರು ಸ್ಥಳದಲ್ಲೇ ಮೊಬೈಲ್ ಆ್ಯಪ್‌ನಲ್ಲಿ ಅಪಘಾತದ ಜಾಗವನ್ನು ದಾಖಲಿಸುತ್ತಾರೆ, ಆದ್ದರಿಂದ ಜಾಗ ತಪ್ಪಾಗಿ ದಾಖಲಾಗಿದೆಯಾ ಎಂದೂ ನೋಡಿ. ಪಕ್ಕದ ಊರಿನ ಲೆಕ್ಕಕ್ಕೆ ಹೋದರೆ ನಿಮ್ಮ ಗೇಟ್ ಪಟ್ಟಿಗೆ ಬರುವುದಿಲ್ಲ.

ಜೊತೆಗೆ ನಾಲ್ಕು ಫೋಟೊ, ಹಗಲು ಎರಡು, ರಾತ್ರಿ ಎರಡು. ರಾತ್ರಿಯ ಫೋಟೊದಲ್ಲಿ ಏನೂ ಕಾಣುವುದಿಲ್ಲ ಅಲ್ವಾ? ಅದೇ ನಿಮ್ಮ ಸಾಕ್ಷಿ. ಗ್ರಾಮಸಭೆಯ ಠರಾವು ಲಗತ್ತಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಗಾಯಾಳುವನ್ನು ಮುಟ್ಟಿದರೆ ಕೇಸ್ ನಮ್ಮ ತಲೆಗೆ ಬರುತ್ತಂತೆ, ಹೌದಾ?

ಇಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜೀವ ಹೋಗಿವೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನೂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆಯನ್ನೂ ಮಾಡಿದೆ. ನಿಮ್ಮ ಹೆಸರು, ಫೋನ್ ನಂಬರ್ ಕೊಡಿ ಎಂದು ಯಾರೂ ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯವರು ನಿಮ್ಮನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ. ತೀವ್ರ ಗಾಯ ಆದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 25,000 ರೂಪಾಯಿ ಬಹುಮಾನವನ್ನೂ ಇಟ್ಟಿದೆ.

108 ಬರುವ ತನಕ ಏನು ಮಾಡಬೇಕು?

ಮೊದಲು ಹಿಂದಿನ ಗಾಡಿಗಳನ್ನು ನಿಲ್ಲಿಸಲು ಒಬ್ಬರನ್ನು ದೂರಕ್ಕೆ ಕಳಿಸಿ. ಬಿದ್ದವರನ್ನು ಎತ್ತಲು ಹೋದವರ ಮೇಲೆಯೇ ಇನ್ನೊಂದು ಗಾಡಿ ಹರಿದದ್ದಿದೆ. ರಕ್ತ ಹರಿಯುವ ಕಡೆ ಶುದ್ಧ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ನಮ್ಮವರು ಪ್ರೀತಿಯಿಂದ ಮೊದಲು ಮಾಡುವುದೇ ಅದು, ಆದರೆ ಅರೆಪ್ರಜ್ಞೆಯಲ್ಲಿ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಂಕಿಯೋ ಇನ್ನೇನೋ ಅಪಾಯ ಇಲ್ಲದಿದ್ದರೆ ಎಳೆದಾಡಬೇಡಿ. ಕೈಕಾಲು ಹಿಡಿದು ಎತ್ತಿ ಆಟೊಗೆ ಹಾಕಿದರೆ ಕುತ್ತಿಗೆ, ಬೆನ್ನುಮೂಳೆಗೆ ಆದ ಪೆಟ್ಟು ದೊಡ್ಡದಾಗುತ್ತದೆ.

ಆಸ್ಪತ್ರೆ ಖರ್ಚು, ಪರಿಹಾರ?

2025ರ ಮೇ ತಿಂಗಳಿಂದ ದೇಶದೆಲ್ಲೆಡೆ ನಗದಿಲ್ಲದ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಒಬ್ಬರಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಪರಿಹಾರ ಇದೆ: ಸಾವಾದರೆ 2 ಲಕ್ಷ, ಭಾರಿ ಗಾಯಕ್ಕೆ 50,000. ಗಾಡಿ ಗೊತ್ತಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ 6 ತಿಂಗಳ ಒಳಗೇ ಅರ್ಜಿ ಹಾಕಿಸಿ. ತಿಥಿ ಮುಗಿಯಲಿ, ವರ್ಷ ತುಂಬಲಿ ಅಂತ ಕಾಯಬೇಡಿ.

ಅಂಡರ್‌ಪಾಸ್ ಬರಲು ವರ್ಷಗಳು ಬೇಕು. ಅಲ್ಲಿ ತನಕ ನಮ್ಮ ಗೇಟ್‌ನಲ್ಲಿ ಏನು ಮಾಡಬಹುದು?

ತುಂಬಾ ಇದೆ, ಹೆಚ್ಚಿನವು ವಾರಗಳಲ್ಲಿ ಆಗುವ ಕೆಲಸ. ಗೇಟ್ ಬಳಿ ಎತ್ತರದ ಒಂದು ದೀಪ. ಎರಡೂ ಕಡೆಯಿಂದ ಬರುವವರಿಗೆ 200–300 ಮೀಟರ್ ಮುಂಚೆಯೇ ಕಾಣುವ ಫಲಕ, ರಂಬಲ್ ಸ್ಟ್ರಿಪ್, ಸೋಲಾರ್‌ನಲ್ಲಿ ಮಿಣುಕುವ ಹಳದಿ ದೀಪ. ರಸ್ತೆಗೆ ಕೂರಿಸುವ ಹೊಳೆಯುವ ಕ್ಯಾಟ್ ಐ. ಮಾಸಿದ ಬಿಳಿ ಗೆರೆಗೆ ಹೊಸ ಬಣ್ಣ. ಡಾಂಬರ್ ಅಂಚಿನಲ್ಲಿ ಮಣ್ಣು ಕೊಚ್ಚಿಹೋಗಿ ಗೇಣುದ್ದ ಕುಸಿದಿದ್ದರೆ ತುಂಬಿಸುವುದು. ಬಸ್ ನಿಲ್ಲುವ ಜಾಗವನ್ನು ಸಂದಿಯ ಎದುರಿನಿಂದ ಸ್ವಲ್ಪ ಮುಂದಕ್ಕೆ ಹಾಕುವುದು. ಇಲ್ಲದಿದ್ದರೆ ಬಸ್ಸಿಂದ ಇಳಿದವರು ಅದೇ ಬಸ್ಸಿನ ಮುಂದಿನಿಂದ ಓಡಿ ದಾಟುತ್ತಾರೆ, ಬಲಗಡೆಯಿಂದ ಬರುವ ಕಾರು ಅವರಿಗೆ ಕಾಣುವುದಿಲ್ಲ.

ಇನ್ನು ಯಾರ ಅನುಮತಿಯೂ ಬೇಡದ ಕೆಲಸ ಒಂದಿದೆ. ಊರಿನ ರಸ್ತೆ ಹೆದ್ದಾರಿಗೆ ಸೇರುವ ಮೂಲೆಯ ನಮ್ಮದೇ ಜಾಗದಲ್ಲಿ ಬೆಳೆದ ಬಳ್ಳಾರಿ ಜಾಲಿ, ಲಾಂಟಾನ, ಜೊತೆಗೆ ನಾವೇ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸ್‌ಗಳನ್ನು ತೆಗೆಯುವುದು. ನಮ್ಮೂರಲ್ಲಿ ಒಂದು ಭಾನುವಾರ ಮಚ್ಚು, ಗುದ್ದಲಿ ಹಿಡಿದು ಹನ್ನೆರಡು ಜನ ಸೇರಿ ಆ ಮೂಲೆ ಬಯಲು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಗೇಟ್‌ನಲ್ಲಿ ನಿಂತರೆ ಹಿರಿಯೂರು ಕಡೆಯಿಂದ ಬರುವ ಲಾರಿ ಏರಿನ ತುದಿಯಲ್ಲೇ ಕಾಣುತ್ತಿತ್ತು. ಪ್ರತಿ ಮಳೆಗಾಲ ಮುಗಿದ ಮೇಲೆ ಈಗ ಅದನ್ನು ಮತ್ತೆ ಸವರುತ್ತೇವೆ.